ಸಮ್ಮೇಳನದವರಿಗೆ ಪೂರ್ಣ ಪ್ರಬಂಧ ಕೊಡುವ ಮೊದಲು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳೇ, ಸಮ್ಮೇಳನದ ನೋಂದಣಿಯ ಜೊತೆಗೇ ಪೂರ್ಣ ಪ್ರಬಂಧವನ್ನೂ ಹಕ್ಕುಸ್ವಾಮ್ಯ ಪತ್ರಕ್ಕೆ ಸಹಿಯನ್ನೂ ಕೇಳಿದರೆ ದಯವಿಟ್ಟು ಕೊಡಬೇಡಿ. ಹೋದ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನಡೆದ ಪ್ರಾದೇಶಿಕ ರಸಾಯನಶಾಸ್ತ್ರ ಸಮ್ಮೇಳನವೊಂದರಲ್ಲಿ ನನ್ನ ವರ್ಷಗಳ ಕೆಲಸ ಹೀಗೆಯೇ ಕೈತಪ್ಪಿತು.

ನನ್ನದು ಅಡಿಕೆ ಸಿಪ್ಪೆಯ ಕೆಲಸ. ಸುಲಿದ ಮೇಲೆ ನಮ್ಮಲ್ಲಿ ರಸ್ತೆ ಬದಿಗೆ ಸುರಿಯುವ ಆ ಸಿಪ್ಪೆಯಿಂದ ಸಕ್ರಿಯ ಇಂಗಾಲ (ಕಲ್ಮಶ ಹಿಡಿದಿಡುವ ರಂಧ್ರಮಯ ಇದ್ದಿಲು) ಮಾಡಿ, ನೀರಿಗೆ ಸೇರಿದ ಮೆಥಿಲೀನ್ ಬ್ಲೂ ಬಣ್ಣವನ್ನು ಅದು ಎಷ್ಟು ಹಿಡಿಯುತ್ತದೆ ಎಂದು ಅಳೆದಿದ್ದೆ. ಆ ಬಣ್ಣದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಧನಾತ್ಮಕ. ಆಮ್ಲೀಯ ನೀರಿನಲ್ಲಿ ಧನಾತ್ಮಕವೇ ಆದ ಹೈಡ್ರೋಜನ್ ಅಯಾನುಗಳು ಅದರ ಜಾಗಕ್ಕೆ ಪೈಪೋಟಿಗಿಳಿಯುವುದರಿಂದ ಬಣ್ಣ ಹಿಡಿಯುವುದು ಕಡಿಮೆಯಾಗುತ್ತದೆ. ಈ ವಿಚಾರದಲ್ಲಿ ಬಲ್ಲವರು ಯಾರಾದರೂ ನನ್ನನ್ನು ಗಟ್ಟಿಯಾಗಿ ಪ್ರಶ್ನಿಸಲಿ ಎಂದೇ ಹೋಗಿದ್ದೆ. ಸಮ್ಮೇಳನ ಇರುವುದು ಅದಕ್ಕಲ್ಲವೇ?

ಅಲ್ಲಿ ಕೇಳುವವರೇ ಇರಲಿಲ್ಲ. ಕರಪತ್ರದಲ್ಲಿ ಭಾವಚಿತ್ರವಿದ್ದ ಪ್ರಧಾನ ಭಾಷಣಕಾರರು ಬರಲಿಲ್ಲ. ಹಾರ, ಸನ್ಮಾನಗಳಲ್ಲೇ ಮಧ್ಯಾಹ್ನವಾಯಿತು. ಊಟದ ನಂತರ ಎಲ್ಲ ವಿಭಾಗದವರನ್ನೂ ಒಂದೇ ಕೊಠಡಿಗೆ ತುಂಬಿ ತಲಾ ನಾಲ್ಕೈದು ನಿಮಿಷ ಕೊಟ್ಟರು. ಇರಚಲು ಹೊಡೆಯುವ ಜಗಲಿಯಲ್ಲಿ ಪೋಸ್ಟರ್‌ಗಳನ್ನು ತೂಗುಹಾಕಿದ್ದರು. ತೀರ್ಪುಗಾರರು ಅತ್ತ ಸುಳಿಯದಿದ್ದರೂ ಸಂಜೆ ಬಹುಮಾನ ಘೋಷಣೆಯಾಯಿತು. ಆಗುಂಬೆ ಘಾಟಿ ಹತ್ತಿ ಬಂದಿದ್ದ ಹುಡುಗಿಯೊಬ್ಬಳು ಒದ್ದೆ ಪೋಸ್ಟರ್ ಸುತ್ತಿಕೊಂಡು ಹೋದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಷ್ಟೇ ಆಗಿದ್ದರೆ ಶುಲ್ಕ ಹೋಯಿತೆಂದು ಸುಮ್ಮನಿರಬಹುದಿತ್ತು. ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ನಮ್ಮ ಪ್ರಬಂಧಗಳನ್ನೆಲ್ಲ ಯಾವ ತಜ್ಞರಿಗೂ ತೋರಿಸದೆ, ಹೆಸರೇ ಕೇಳಿರದ ಪತ್ರಿಕೆಯೊಂದರ ‘ವಿಶೇಷ ಸಂಚಿಕೆ’ಯಲ್ಲಿ ಹಾಕಿಬಿಟ್ಟರು. ನನ್ನ ನಕ್ಷೆಗಳ ಅಡಿಬರಹಗಳೇ ಅದಲುಬದಲಾಗಿದ್ದವು. ಅದೇ ಕೆಲಸವನ್ನು ಒಳ್ಳೆಯ ಪತ್ರಿಕೆಗೆ ಕಳುಹಿಸಿದಾಗ, ಈಗಾಗಲೇ ಪ್ರಕಟವಾಗಿದೆ ಎಂಬ ಕಾರಣಕ್ಕೆ ತಿರಸ್ಕೃತವಾಯಿತು. ಲೇಖನ ಹಿಂತೆಗೆಯಿರಿ ಎಂದು ಸಂಘಟಕರಿಗೆ ಬರೆದರೆ ಅದಕ್ಕೂ ಹಣ ಕೇಳಿದರು! ವಿದ್ಯಾರ್ಥಿಯ ದುಡಿಮೆಯನ್ನು ಹೀಗೆ ಒತ್ತೆಯಿಟ್ಟುಕೊಳ್ಳುವುದು ಅನ್ಯಾಯ.

ಐಎಸ್‌ಎಸ್‌ಎನ್ ಇದೆ ಎಂದು ಅವರು ಹೇಳುತ್ತಾರೆ. ಅದು ಪತ್ರಿಕೆಯನ್ನು ಗುರುತಿಸುವ 8 ಅಂಕಿಗಳ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯ ಹೆಸರು ಹೇಳಿದರೂ ನಂಬಬೇಡಿ, ಆ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ನಿಲ್ಲಿಸಿದೆ. ಸಂಶೋಧನಾ ಪತ್ರಿಕೆಗಳ ಅಂತರರಾಷ್ಟ್ರೀಯ ಸೂಚಿಯಾದ ಸ್ಕೋಪಸ್‌ನಲ್ಲಿದೆ ಎಂದು ಹೇಳಿದರೆ ಅದರ ಮೂಲ ಪಟ್ಟಿಯಲ್ಲಿ ಹುಡುಕಿ, ಪತ್ರಿಕೆಯನ್ನು ಕೈಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ, ಎರಡು ಸಮ್ಮೇಳನ ಮಂಡನೆ ಬೇಕೆಂಬ 2016ರ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಈಗ ಏನು ಕೇಳುತ್ತದೆ ಎಂಬುದನ್ನು ಅಲ್ಲಿಯೇ ವಿಚಾರಿಸಿ. ಪ್ರಮಾಣಪತ್ರಕ್ಕಾಗಿ ನಾವು ಪಡುವ ಆತುರವೇ ಇಂಥವರ ಬಂಡವಾಳ.

ಭಾಷಣಕಾರರು ಬರುವುದು ನಿಜವೇ ಎಂದು ಅವರಿಗೇ ಇಮೇಲ್ ಬರೆದು ಕೇಳಿ. ಸಾರಾಂಶವನ್ನಷ್ಟೇ ಕಳುಹಿಸಿ. ಪೂರ್ಣ ಪ್ರಬಂಧ ಈಗಾಗಲೇ ಕೊಟ್ಟಿದ್ದು ಅದಿನ್ನೂ ಅಚ್ಚಾಗಿರದಿದ್ದರೆ, ಪ್ರಕಟಣೆಗೆ ಒಪ್ಪಿಗೆಯಿಲ್ಲವೆಂದು ಇಂದೇ ಲಿಖಿತವಾಗಿ ತಿಳಿಸಿ, ನಿಮ್ಮ ಮಾರ್ಗದರ್ಶಕರಿಗೂ ಅದರ ಪ್ರತಿ ಕಳುಹಿಸಿ.