ಬಾಗಲಕೋಟೆಯೋ ಗದಗವೋ?

ಎರಡೂ 1997ರಲ್ಲಿ ಹುಟ್ಟಿದ ಜಿಲ್ಲೆಗಳು, ನೆರೆಹೊರೆಯವು. ಎರಡು ದಿನ ಮಾತ್ರ ಕೈಯಲ್ಲಿದ್ದರೆ ಯಾವುದಕ್ಕೆ ಹೋಗುವುದು?

ಕಲ್ಲನ್ನು ನೋಡುವ ಹಂಬಲವಿದ್ದರೆ ಬಾಗಲಕೋಟೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟ, 578ರ ಶಾಸನವಿರುವ ಮೂರನೇ ಗುಹೆ, ಮಲಪ್ರಭೆಯ ದಂಡೆಯ ಪಟ್ಟದಕಲ್ಲು, ದೇವಾಲಯ ಕಟ್ಟುವ ಬಗೆಗಳನ್ನು ಚಾಲುಕ್ಯರು ಪ್ರಯೋಗಿಸಿ ನೋಡಿದ ಐಹೊಳೆ ಎಲ್ಲವೂ ಹತ್ತಿರ ಹತ್ತಿರ. ಬಾದಾಮಿಯ ತಟ್ಟುಕೋಟೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಮಾತ್ರ ಬಿಟ್ಟು ಬರಬೇಡಿ: 'ಸಾಧುಗೆ ಸಾಧು' ಎಂಬ ತ್ರಿಪದಿ ಬಂಡೆಯ ಮೇಲೆ ಇಂದಿಗೂ ಇದೆ. ನನಗಂತೂ ಅಲ್ಲಿ ಕಣ್ಣು ತುಂಬಿತ್ತು. ಬನದ ಹುಣ್ಣಿಮೆಗೆ ಹೋದರೆ ಬನಶಂಕರಿ ಜಾತ್ರೆಯೂ ಸಿಗುತ್ತದೆ. ಸೀರೆ ಬೇಕಿದ್ದವರಿಗೆ ಇಳಕಲ್ ಇದೆ.

ಗದಗ ನಿಧಾನವಾಗಿ ತೆರೆದುಕೊಳ್ಳುವ ಜಿಲ್ಲೆ. ಲಕ್ಕುಂಡಿಯಲ್ಲಿ ಕಲ್ಲು ಮೃದು, ಕೆತ್ತನೆ ಸೂಕ್ಷ್ಮ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇಲ್ಲೇ ಇದೆ. ಕುಮಾರವ್ಯಾಸನ ನೆನಪು ಹೊತ್ತ ವೀರನಾರಾಯಣ ಗುಡಿ ಗದಗ ಊರೊಳಗೇ ಇದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕಪ್ಪತಗುಡ್ಡ ಮಳೆಗಾಲದಲ್ಲಿ ಚೆಂದ.

ಮೊದಲ ಸಲವಾದರೆ ಬಾಗಲಕೋಟೆಗೇ ಹೋಗಿ. ಹಕ್ಕಿ, ಕಾವ್ಯ, ಕಡಿಮೆ ಗದ್ದಲ ಬೇಕಿದ್ದರೆ ಡಿಸೆಂಬರಿನಲ್ಲಿ ಗದಗ. ಏಪ್ರಿಲ್-ಮೇ ತಿಂಗಳಲ್ಲಿ ಎರಡೂ ಬೇಡ. ಬಂಡೆಗಳು ಕಾದ ಹಂಚಿನಂತಿರುತ್ತವೆ.