ಲಿನಕ್ಸ್‌ಗೆ ಪವರ್‌ಫುಲ್ ಲ್ಯಾಪ್‌ಟಾಪ್: ಎನ್‌ವಿಡಿಯಾನಾ, ಎಎಂಡಿನಾ?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಕ್ಯೂಡಾ, ಅಂದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಭಾರೀ ಲೆಕ್ಕಾಚಾರ ಓಡಿಸುವ ತಂತ್ರಾಂಶ, ಬೇಕಾ? ಮಷಿನ್ ಲರ್ನಿಂಗ್ ಕೆಲಸ ಇದ್ದರೆ, 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ದಿನಾ ರೆಂಡರ್ ಮಾಡುವವರಾದರೆ ಎನ್‌ವಿಡಿಯಾ ತಗೊಳ್ಳಿ, ಜಾಸ್ತಿ ಯೋಚನೆ ಬೇಡ. ಕೋಡ್ ಕಂಪೈಲ್ ಮಾಡುವುದು, ನಾಲ್ಕೈದು ಕಂಟೇನರ್ (ಬೇರೆಬೇರೆಯಾಗಿ ಕಟ್ಟಿಟ್ಟ ಆ್ಯಪ್‌ಗಳು) ಓಡಿಸುವುದು ಇಷ್ಟೇ ಆದರೆ ಎಎಂಡಿ ರೈಜನ್ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಉಳಿದ ದುಡ್ಡನ್ನು ರ್ಯಾಮ್‌ಗೆ ಹಾಕಿ. 32 ಜಿಬಿ ಇದ್ದರೆ ನೆಮ್ಮದಿ.

ನಿಜವಾದ ವ್ಯತ್ಯಾಸ ಇರುವುದು ಡ್ರೈವರ್‌ನಲ್ಲಿ. ಎಎಂಡಿ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ, ನೀವು ಸುಮ್ನೆ ಇನ್‌ಸ್ಟಾಲ್ ಮಾಡಿ ಕೆಲಸ ಶುರು ಮಾಡಬಹುದು. ಎನ್‌ವಿಡಿಯಾದ್ದು ಬೇರೆಯೇ ಪ್ಯಾಕೇಜ್. 2022ರಲ್ಲಿ ಅವರು ಕರ್ನಲ್ ಮಾಡ್ಯೂಲ್‌ಗಳ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ಭಾಗಗಳ) ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿಟ್ಟ ಮೇಲೆ ಎಷ್ಟೋ ಸುಧಾರಿಸಿದೆ, ನಿಜ. ಆದರೂ ಹಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್ ಆವೃತ್ತಿಗಳಲ್ಲಿ) ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಆ ಮಾಡ್ಯೂಲ್ ಮತ್ತೆ ಬಿಲ್ಡ್ ಆಗಬೇಕು, ಸೆಕ್ಯೂರ್ ಬೂಟ್ (ನಂಬಿಕಸ್ಥ ಕೋಡ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಅದಕ್ಕೆ ಡಿಜಿಟಲ್ ಸಹಿಯೂ ಬೇಕು, ಎಲ್ಲೋ ಒಂದು ಕಡೆ ತಪ್ಪಿದರೆ ಡ್ರೈವರ್ ಲೋಡೇ ಆಗುವುದಿಲ್ಲ. ಹಳೇ ಕರ್ನಲ್ ಒಂದನ್ನು ಅಳಿಸದೆ ಇಟ್ಟುಕೊಳ್ಳಿ, ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಿಂದ ಅದಕ್ಕೆ ವಾಪಸ್ ಹೋಗಬಹುದು.

ಬ್ಯಾಟರಿಯಲ್ಲಿ ಎಎಂಡಿ ಒಂದೇ ಇರುವ ಯಂತ್ರವೇ ಮೇಲು. ಪ್ರೊಸೆಸರ್ ಒಳಗಿನದು, ಎನ್‌ವಿಡಿಯಾ ಕಾರ್ಡ್ ಹೀಗೆ ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾ ಕಾರ್ಡಿಗೇ ಸೇರಿರುತ್ತದೆ. ಹೊರಗಿನ ಮಾನಿಟರ್ ಚುಚ್ಚಿದರೆ ಕಾರ್ಡ್ ಮಲಗುವುದೇ ಇಲ್ಲ, ಫ್ಯಾನ್ ಸದ್ದು ಶುರು.

ಯಾವುದೇ ಆಗಲಿ, ಕೊಳ್ಳುವ ಮೊದಲು ಸಾಧ್ಯವಾದರೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ಸ್ಕ್ರೀನ್, ವೈಫೈ ಎರಡೂ ಎದ್ದು ಬಂದರೆ ಧೈರ್ಯವಾಗಿ ಕೊಳ್ಳಿ.