ಗಾಜಿನ ಮುಚ್ಚಳದ ಸಿಗಾರ್ ಡಬ್ಬಿ ಯಾರೂ ತಗೋಬೇಡಿ

ಹುಬ್ಬಳ್ಳಿಯಲ್ಲಿ ಯಾರಿಗಾದರೂ ಉಡುಗೊರೆಗೆ ಸಿಗಾರ್ ಕೊಳ್ಳುವವರಿದ್ದರೆ ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ನನ್ನ 9,500 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಮನೆಮಂದಿಯ ಮುಂದೆ ತಲೆ ತಗ್ಗಿಸಿ ಕೂತೆನಲ್ಲ, ಅದನ್ನು ಮರೆಯೋಕೆ ಆಗ್ತಿಲ್ಲ.

ನಾನು ಸೇದುವವನಲ್ಲ. ನಮ್ಮ ಕಾಕಾ ಹಡಗಿನ ನೌಕರಿಯಿಂದ ನಿವೃತ್ತರಾಗಿ ಧಾರವಾಡಕ್ಕೆ ಬಂದರು. ಮೂವತ್ತು ವರ್ಷದಿಂದ ಸಿಗಾರ್ ಸೇದಿದವರು, ಈಗ ಡಾಕ್ಟರ್ ಮಾತಿಗೆ ತಿಂಗಳಿಗೆ ಒಂದಕ್ಕೆ ಇಳಿಸಿದ್ದಾರೆ. ಆ ಒಂದಾದರೂ ಒಳ್ಳೆಯದಿರಲಿ ಅಂತ ನನ್ನ ಆಸೆ. ತಂಗಿಯ ಗಂಡನೂ ಊಟಕ್ಕೆ ಬರುವವನಿದ್ದ. ಅವನದು ಬರೀ ಸಿಗರೇಟು, ಸಿಗಾರ್ ಮುಟ್ಟಿದವನಲ್ಲ.

ಅಂಗಡಿಯವನು ಗಾಜಿನ ಮುಚ್ಚಳದ ಮರದ ಡಬ್ಬಿ ತೆಗೆದಿಟ್ಟ. ಕೊಹಿಬಾ ಅನ್ನೋ ಕ್ಯೂಬಾದ ಹೆಸರಾಂತ ಬ್ರ್ಯಾಂಡು, ಹತ್ತು ಸಿಗಾರ್. "ಕ್ಯೂಬಾ ಮಾಲ್ ರೀ ಸರ್. ಗೋವಾದಿಂದ ನಮ್ಮ ಹುಡುಗ ತಂದಾನ." ಇಬ್ಬರಿಗೂ ನಡೆಯುತ್ತಾ ಅಂತ ಕೇಳಿದೆ. "ಯಾರಿಗರ ಕೊಡ್ರಿ, ನಡೀತೈತಿ." ಬಿಲ್ ಕೇಳಿದೆ. "ಬಿಲ್ ಮಾಡಿದ್ರ ರೇಟ್ ಜಾಸ್ತಿ ಆಗತೈತ್ರಿ." ಆಗಲೇ ಎದ್ದು ಬರಬೇಕಿತ್ತು. ಯಾರು ಸೇದೋದು, ಎಷ್ಟು ವರ್ಷದ ಅಭ್ಯಾಸ, ಒಂದು ಮಾತೂ ಕೇಳಲಿಲ್ಲ. "ನೀವು ಸೇದ್ತೀರೇನ್ರಿ?" ಅಂತ ಮಾತ್ರ ಕೇಳಿದ. ಇಲ್ಲ ಅಂದೆ. ಅವನಿಗೆ ಬೇಕಾಗಿದ್ದು ಅಷ್ಟೇ.

ರಾತ್ರಿ ಊಟ ಆದ ಮೇಲೆ ಎಲ್ಲರ ಎದುರಿಗೆ ಡಬ್ಬಿ ಕೊಟ್ಟೆ. ಕಾಕಾ ಗಾಜಿನ ಮೇಲೆ ಬೆರಳಾಡಿಸಿದರು. ಡಬ್ಬಿ ತಿರುಗಿಸಿ ಅಡಿ ನೋಡಿದರು. ಮೆಲ್ಲಗೆ ಕೇಳಿದರು: "ಎಷ್ಟು ಕೊಟ್ಟೀ ತಮ್ಮಾ?"

ಆ ಒಂದು ಮಾತಿಗೇ ನನಗೆ ಎಲ್ಲ ಗೊತ್ತಾಗಿಹೋಯಿತು. ಬೆವರು ಬಂತು.

ಕೊಹಿಬಾದವರು ಗಾಜಿನ ಮುಚ್ಚಳದ ಡಬ್ಬಿ ಮಾಡೋದೇ ಇಲ್ಲವಂತೆ! ಅಡಿಯಲ್ಲಿ 'ಎಚೊ ಎನ್ ಕೂಬಾ' (ಕ್ಯೂಬಾದಲ್ಲಿ ಮಾಡಿದ್ದು) ಅಂತ ಕಾಯಿಸಿ ಒತ್ತಿದ ಮುದ್ರೆ ಇರಬೇಕು. ನಾನು ತಂದಿದ್ದರಲ್ಲಿ ಸ್ಟಿಕ್ಕರ್. ಕ್ಯೂಬಾ ಸರ್ಕಾರದ ಹಸಿರು ಸೀಲ್ ಇಲ್ಲ. ಸಿಗಾರಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲಿನ ಬಿಳಿ ಚೌಕಗಳು ಒಂದೊಂದು ಸಿಗಾರಿಗೆ ಒಂದೊಂದು ಥರ ಸೊಟ್ಟ. ನಮ್ಮ ದೇಶದಲ್ಲಿ ತಂಬಾಕಿನ ಡಬ್ಬಿಯ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕು, ಅದೂ ಇಲ್ಲ. ಕಾಕಾ ಒಂದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರು. ಕೈಯಲ್ಲಿ ಮಾಡಿದ ಒಳ್ಳೆಯ ಸಿಗಾರಿನೊಳಗೆ ಉದ್ದನೆಯ ಎಲೆ ಇರುತ್ತೆ. ಇದರಲ್ಲಿ ಪುಡಿ. ಬರೀ ಪುಡಿ. ಹೊರಗಿನ ಎಲೆ ಹಪ್ಪಳದ ಹಾಗೆ ಮುರಿಯಿತು.

ಅಷ್ಟರಲ್ಲಿ ತಂಗಿಯ ಗಂಡ ಒಂದನ್ನು ಹೊರಗೆ ಕಟ್ಟೆಯ ಮೇಲೆ ಕೂತು ಹಚ್ಚಿದ್ದ. ಸಿಗರೇಟಿನ ಹಾಗೆ ಹೊಗೆ ಒಳಗೆ ಎಳೆದಿದ್ದಾನೆ. ಸಿಗಾರಿನ ಹೊಗೆ ಬಾಯಲ್ಲಿ ಇಟ್ಟು ಬಿಡೋದು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ತಲೆ ಸುತ್ತಿ ವಾಂತಿ ಮಾಡಿದ. ತಂಗಿ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.

ಮರುದಿನ ಅಂಗಡಿಗೆ ಹೋದೆ. ಮೊದಲು, "ನಿಮ್ಮ ಕಾಕಾಗ ಸಿಗಾರ್ ತಿಳಿಯಂಗಿಲ್ರಿ." ಆಮೇಲೆ, "ಸೀಳಾಕ ಯಾಕ ಹೋದ್ರಿ? ಸೀಳಿದ ಮಾಲ್ ವಾಪಸ್ ಇಲ್ಲ." ಉಳಿದ ಎಂಟು ಹಾಗೇ ಇದ್ದಾವಲ್ಲ ಅಂದೆ. "ಬಿಲ್ ಎಲ್ಲೈತ್ರಿ?" ಬಿಲ್ ಕೊಡದವನೇ ಬಿಲ್ ಕೇಳ್ತಾನೆ! ಕೊನೆಗೆ, "ನೀವು ಸೇದಂಗಿಲ್ಲ, ನಿಮಗೇನ್ ಗೊತ್ತಾಗತೈತ್ರಿ." ಈ ಮಾತು ನನಗೆ ಇನ್ನೂ ಚುಚ್ಚುತ್ತೆ. ಗೊತ್ತಾಗಲ್ಲ ಅಂತಲೇ ಅಲ್ವಾ ಅವನು ನನಗೆ ಕೊಟ್ಟಿದ್ದು?

ಸೇದದವರು ಕೊಳ್ಳಲೇಬೇಕಾದರೆ ಸೇದುವವರ ಹತ್ತಿರ ಅವರು ಸೇದೋದರ ಹೆಸರು, ಅಳತೆ ಕೇಳಿಕೊಂಡು ಹೋಗಿ. ಬಿಲ್ ಇಲ್ಲದೆ ಬೇಡ. ಬಿಸಿಲು ಬೀಳೋ ಶೋಕೇಸಿನಲ್ಲಿ ಇಟ್ಟಿದ್ದು ಬೇಡವೇ ಬೇಡ, ಸಿಗಾರ್ ಇಡೋ ಜಾಗದ ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಬೇಕು. ಹೊಸಬರಿಗೆ ಕೊಡಲೇಬೇಡಿ. ಕೊಟ್ಟರೂ ಸಣ್ಣದು, ಹಗುರಾದದ್ದು, ಒಂದೇ ಒಂದು.

ಮೊನ್ನೆ ಅದೇ ದಾರಿಯಲ್ಲಿ ಹೋದೆ. ಅದೇ ಶೋಕೇಸಿನಲ್ಲಿ ಇನ್ನೂ ಮೂರು ಗಾಜಿನ ಡಬ್ಬಿ ಇಟ್ಟಿದ್ದಾನೆ.